ನೆಲಮಹಡಿಯ ಒಂದೇ ಮನೆ

2015ರಲ್ಲಿ ನಾನು ಬಳ್ಳಾರಿಯಲ್ಲಿ ಖಾಸಗಿ ಸಿವಿಲ್ ಎಂಜಿನಿಯರ್ ಆಗಿದ್ದೆ. ಪಾಲಿಕೆಗೆ ಪ್ಲಾನ್ ಬರೆದುಕೊಡುವುದು, ಎಸ್ಟಿಮೇಟ್ ಹಾಕುವುದು, ಕಟ್ಟಡ ಮೇಲೇಳುವಾಗ ಸೈಟಿಗೆ ಹೋಗಿ ಬಿಸಿಲಲ್ಲಿ ನಿಲ್ಲುವುದು ನನ್ನ ಕೆಲಸ. ಆ ಹೊತ್ತಿಗೆ ನನ್ನ ಆಫೀಸಿಗೆ ಬರುತ್ತಿದ್ದವರಲ್ಲಿ ಬಹಳಷ್ಟು ಜನ ತಾವಿರಲು ಮನೆ ಕಟ್ಟುವವರಲ್ಲ, ಬಾಡಿಗೆಗೆ ಕೊಡಲು ಕಟ್ಟುವವರು. ಸುತ್ತಲಿನ ತಾಲ್ಲೂಕುಗಳಲ್ಲಿ ದುಡಿದ ದುಡ್ಡು ಊರಿಗೆ ಬಂದು ಕಂಬ, ಸ್ಲ್ಯಾಬು, ಬಾಲ್ಕನಿ ಆಗುತ್ತಿತ್ತು.

ಅವರಲ್ಲಿ ಒಬ್ಬರು ವೀರೇಶಪ್ಪ. ಸಿರುಗುಪ್ಪದಲ್ಲಿ ಭತ್ತದ ದಲಾಲಿ ವ್ಯಾಪಾರ. ಮೊದಲ ದಿನ ಕುರ್ಚಿಯಲ್ಲಿ ಪೂರ್ತಿ ಕೂಡದೆ ಅಂಚಿನಲ್ಲಿ ಕೂತು ಹೇಳಿದ ಮಾತು ನೆನಪಿದೆ.

"ಭತ್ತ ಅಂದ್ರ ದಿನಾ ರೇಟು ನೋಡಬೇಕ್ರಿ ಮೇಡಂ. ಮನಿ ಹಂಗಲ್ಲ. ನಾವು ಮಲಗಿದ್ರೂ ಅದು ಎದ್ದಿರತೈತಿ."

ಅವರು ಆಗಲೇ ಕುರುಗೋಡಿನಲ್ಲಿ ಸಾಲಾಗಿ ಕೆಲವು ರೂಮು ಕಟ್ಟಿಸಿ, ಕುಡತಿನಿಯ ಥರ್ಮಲ್ ಸ್ಟೇಷನ್ನಿಗೆ ಗುತ್ತಿಗೆ ಕೆಲಸಕ್ಕೆ ಹೋಗುವ ಹುಡುಗರಿಗೆ ಕೊಟ್ಟಿದ್ದರು. ಅವರ ಆರಂಭ ಅದು. ಒಂದು ರೂಮಿನ ಬಾಡಿಗೆಯನ್ನು ಮುಟ್ಟದೆ ಇಟ್ಟು ಮುಂದಿನ ರೂಮು ಎಬ್ಬಿಸಿದ್ದರು. ಈಗ ಬಳ್ಳಾರಿಯಲ್ಲಿ ಮೂವತ್ತು-ಐವತ್ತರ ಸೈಟು ಕೊಂಡಿದ್ದರು. ನಾನು ಬರೆದ ಪ್ಲಾನು ಹೀಗಿತ್ತು: ನೆಲಮಹಡಿಯ ಅರ್ಧ ಭಾಗ ಸ್ಟಿಲ್ಟ್ ಪಾರ್ಕಿಂಗ್, ಅಂದರೆ ಕಂಬಗಳ ಮೇಲೆ ಕಟ್ಟಡ ನಿಲ್ಲಿಸಿ ಕೆಳಗೆ ಗಾಡಿಗಳಿಗೆ ಬಿಡುವ ಜಾಗ. ಉಳಿದರ್ಧದಲ್ಲಿ ರಸ್ತೆಗೆ ಮುಖಮಾಡಿ ಒಂದು ಪೋರ್ಷನ್. ಮೇಲೆ ಎರಡು ಅಂತಸ್ತು, ಒಂದೊಂದರಲ್ಲಿ ಎರಡು ಪೋರ್ಷನ್. ಪೋರ್ಷನ್ ಎಂದರೆ ಸ್ವಂತ ಬಾಗಿಲು, ಸ್ವಂತ ಕರೆಂಟ್ ಮೀಟರ್ ಇರುವ ಬಾಡಿಗೆ ಮನೆ. ಒಟ್ಟು ಐದು. ಲಿಫ್ಟ್‌ಗೆ ಜಾಗ ಬಿಡೋಣವೇ ಎಂದು ಕೇಳಿದ್ದೆ. "ಲಿಫ್ಟ್ ಬಾಡಿಗಿ ಕೊಡತೈತೇನ್ರಿ?" ಎಂದರು.

ಮನೆ ಕಟ್ಟಿಸಿದವರ ನೆನಪೂ ಪ್ಲಾನಿನ ಹಾಗೆಯೇ: ಅದರಲ್ಲಿರುವುದು ಕಟ್ಟಿದ್ದಲ್ಲ, ಕಟ್ಟಬೇಕೆಂದುಕೊಂಡದ್ದು. ಎಂಜಿನಿಯರರ ನೆನಪೂ ಅದಕ್ಕಿಂತ ಬೇರೆಯಲ್ಲ. ಆದ್ದರಿಂದ ನಾನು ಕಣ್ಣಾರೆ ಕಂಡದ್ದನ್ನು, ಬೇರೆಯವರು ಹೇಳಿದ್ದನ್ನು ಬೇರೆ ಬೇರೆ ಇಡಲು ನೋಡುತ್ತೇನೆ. ಎಲ್ಲ ಕಡೆಯೂ ಆಗಲಿಕ್ಕಿಲ್ಲ.

ಕಟ್ಟಡ ಮುಗಿದಾಗ ಮೇಲಿನ ಮನೆಗಳಿಗೆ ಇನ್ನೂ ಯಾರೂ ಬಂದಿರಲಿಲ್ಲ. ಹೊಸ ಮನೆ ಕತ್ತಲೆಯಲ್ಲಿ ಇರಬಾರದು, ಸಂಜೆ ದೀಪ ಹಚ್ಚುವವರು ಬೇಕು. ವೀರೇಶಪ್ಪ ಸಿರುಗುಪ್ಪದಲ್ಲಿದ್ದರು. ಹಾಗಾಗಿ ತಮ್ಮ ಮನೆತನದ ಅಯ್ಯನವರನ್ನು, ಅಂದರೆ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲಕ್ಕೂ ಪೂಜೆಗೆ ಕರೆಯುವ ಗುರುಮನೆಯ ಮರುಳಯ್ಯನವರನ್ನು, ನೆಲಮಹಡಿಯ ಮನೆಯಲ್ಲಿ ತಂದಿರಿಸಿದರು. "ನಾಲ್ಕು ದಿನ ಇರ್ರಿ ಸ್ವಾಮೇರ, ನಿಮ್ಮ ಪಾದ ಬಿದ್ರ ಮನಿ ತುಂಬತೈತಿ." ಮನೆ ತುಂಬಿತು. ಮೇಲಿನ ನಾಲ್ಕೂ ಪೋರ್ಷನ್‌ಗಳಿಗೆ ಬೇಗ ಜನ ಬಂದರು. ಅಯ್ಯನವರು ಮಾತ್ರ ಅಲ್ಲೇ ಉಳಿದರು.

ಬಾಡಿಗೆ ಗೊತ್ತುಮಾಡಿದ್ದರು, ಆದರೆ ಅಗ್ರಿಮೆಂಟ್ ಆಗಲಿಲ್ಲ. ಮೇಲಿನವರೆಲ್ಲರಿಂದ ಹನ್ನೊಂದು ತಿಂಗಳ ಕರಾರು ಬರೆಸಿಕೊಂಡ ಮನುಷ್ಯ ಇವರ ಮುಂದೆ ಸ್ಟಾಂಪ್ ಪೇಪರ್ ಹಿಡಿಯಲಿಲ್ಲ. ಗುರುವಿಗೆ ಸಹಿ ಹಾಕು ಎನ್ನುವುದು ಹೇಗೆ? ಮೊದಮೊದಲು ಬಾಡಿಗೆ ವಸೂಲಿಗೆ ಬರುವ ದಿನ ಒಂದು ವಿಚಿತ್ರ ನಡೆಯುತ್ತಿತ್ತು. ವೀರೇಶಪ್ಪ ಒಳಗೆ ಹೋಗಿ ಅಯ್ಯನವರ ಪಾದ ಮುಟ್ಟಿ ನಮಸ್ಕರಿಸುವರು. ಪಾದ ಮುಟ್ಟಿದ ಮೇಲೆ ಬರಿಗೈಯಲ್ಲಿ ಏಳುವ ಪದ್ಧತಿ ಇಲ್ಲ, ಕಾಣಿಕೆ ಇಡುವರು. ಅಯ್ಯನವರು ಹಣೆಗೆ ವಿಭೂತಿ ಹಚ್ಚಿ ಬಾಡಿಗೆ ಕೊಡುವರು. ಹೋದದ್ದೆಷ್ಟು, ಬಂದದ್ದೆಷ್ಟು ಎಂದು ಲೆಕ್ಕ ಹಾಕುವುದು ಇಬ್ಬರಿಗೂ ಮುಜುಗರ. ಕೆಲವು ತಿಂಗಳಲ್ಲಿ ಎರಡೂ ನಿಂತುಹೋದವು. ನಮಸ್ಕಾರ ಮಾತ್ರ ಉಳಿಯಿತು.

ಇದನ್ನು ನಾನು ಬಹಳ ವರ್ಷ ತಮಾಷೆಯಾಗಿ ಹೇಳುತ್ತಿದ್ದೆ. ಬಾಡಿಗೆದಾರನ ಕಾಲಿಗೆ ಬೀಳುವ ಮಾಲೀಕ! ಕೇಳಿದವರು ನಗುತ್ತಿದ್ದರು.

ನಂತರ ವೀರೇಶಪ್ಪನವರ ಹೆಂಡತಿ ಪಾರ್ವತೆಮ್ಮನ ಎರಡೂ ಮೂತ್ರಪಿಂಡ ಕೈಕೊಟ್ಟವು. ವಾರಕ್ಕೆ ಎರಡು ಸಲ ಡಯಾಲಿಸಿಸ್, ಬಳ್ಳಾರಿಯ ಆಸ್ಪತ್ರೆಯಲ್ಲಿ. ಸಿರುಗುಪ್ಪದಿಂದ ಹೊರಟು, ಮಷೀನಿನ ಮುಂದೆ ಮಲಗಿ, ಮತ್ತೆ ಅದೇ ದಾರಿಯಲ್ಲಿ ಹಿಂದಿರುಗುವಷ್ಟರಲ್ಲಿ ಆಕೆಗೆ ಕಾರಿನಲ್ಲೇ ವಾಂತಿ, ತಲೆಸುತ್ತು. ದಾರಿ ಅರ್ಧವಾಗಲೆಂದು ಕುರುಗೋಡಿನ ರೂಮುಗಳಲ್ಲಿ ಕೊನೆಯದನ್ನು ಬಿಡಿಸಿ ಇರಿಸಿದರು. ಆ ಹುಡುಗರು ಪಾಪ, ಹೇಳಿದ ದಿನವೇ ಗಂಟು ಕಟ್ಟಿದರು. ಅಲ್ಲೂ ಆಗಲಿಲ್ಲ. ಒಂದು ದಿನ ದಾರಿಯಲ್ಲಿ ಕಾರು ಕೆಟ್ಟು, ಆಕೆ ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಮಲಗಿದ್ದಳಂತೆ. ಡಾಕ್ಟರು ಬೈದರು: ಆಸ್ಪತ್ರೆಯ ಹತ್ತಿರ ಇರಿಸಿ, ಮೆಟ್ಟಿಲು ಹತ್ತಿಸಬೇಡಿ.

ಬಳ್ಳಾರಿಯಲ್ಲಿ ಐದು ಮನೆಗಳ ಮಾಲೀಕ. ಆಸ್ಪತ್ರೆಗೆ ಆಟೋದಲ್ಲಿ ಹೋಗುವಷ್ಟು ಹತ್ತಿರ. ಮೆಟ್ಟಿಲಿಲ್ಲದ ಮನೆ ಒಂದೇ, ಅದರಲ್ಲಿ ಅಯ್ಯನವರು.

"ಬೇರೆ ಕಡೆ ನೆಲಮಹಡಿ ಬಾಡಿಗೆಗೆ ಹಿಡಿಯಿರಿ" ಎಂದೆ. ವೀರೇಶಪ್ಪನವರ ಮುಖ ಕೆಂಪಾಯಿತು.

"ಐದು ಮನಿ ಇಟ್ಕೊಂಡು ನಾ ಬ್ಯಾರೆಯವರ ಮನಿಗೆ ಬಾಡಿಗಿ ಹೋಗ್ಲೇನ್ರಿ? ಸಿರುಗುಪ್ಪದಾಗ ಮಂದಿ ಬಿದ್ದು ಬಿದ್ದು ನಗ್ತಾರ."

"ಹಾಗಾದರೆ ಅಯ್ಯನವರನ್ನು ಕೇಳಿ."

"ಕೇಳ್ತೀನಿ. ನೀವೂ ಬರ್ರಿ. ನೀವಿದ್ರ ಕಟ್ಟಡದ ಮಾತು ಇದ್ದಂಗ ಇರತೈತಿ."

ಹೋದೆವು. ಇದು ನಾನು ಕಣ್ಣಾರೆ ಕಂಡದ್ದು. ವೀರೇಶಪ್ಪ ಪಾದ ಮುಟ್ಟಿದರು. ಅಯ್ಯನವರ ಹೆಂಡತಿ ಗಿರಿಜಮ್ಮ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದಿಟ್ಟರು. ಮಳೆ, ಕಾಲುವೆ ನೀರು, ಭತ್ತ, ಯಾರದೋ ನಿಶ್ಚಿತಾರ್ಥ ಮಾತಿಗೆ ಬಂದವು. ತಟ್ಟೆ ಖಾಲಿಯಾಯಿತು. ಅಯ್ಯನವರೇ ದಾರಿ ಮಾಡಿಕೊಟ್ಟರು.

"ಈ ಮನಿ ನಮಗ ಭಾಳ ಕೂಡಿ ಬಂತು ವೀರೇಶಪ್ಪ. ಮಗಳ ಮದುವಿ ಇಲ್ಲೇ ಗಟ್ಟಿ ಆತು. ಏನೋ ಹೇಳಾಕ ಬಂದಂಗ ಐತಿ?"

ವೀರೇಶಪ್ಪ ನನ್ನ ಮುಖ ನೋಡಿದರು. ಗೋಡೆ ನೋಡಿದರು.

"ಏನಿಲ್ಲ ಸ್ವಾಮೇರ. ಗ್ವಾಡಿ ಬಣ್ಣ ಮಾಸೈತಿ. ಹೊಸಾ ಬಣ್ಣ ಹೊಡಸೋಣ ಅಂತ ಮೇಡಂರನ್ನ ಕರಕೊಂಡ್ ಬಂದೆ."

ಮನೆ ಬಿಡಿ ಎಂದು ಕೇಳಲು ಹೋದವರು ಆ ಮನೆಗೇ ಬಣ್ಣ ಗೊತ್ತುಮಾಡಿ ಬಂದೆವು. ತಿಳಿ ಹಳದಿ. ಗಿರಿಜಮ್ಮನೇ ಆರಿಸಿದ್ದು.

ಹೊರಗೆ ಬಂದ ಮೇಲೆ ವೀರೇಶಪ್ಪ ಹೇಳಿದರು: "ನಾ ಬಾಯಿಬಿಟ್ಟು ಕೇಳಬಾರದ್ರಿ. ಅವ್ರು ತಿಳ್ಕೋಬೇಕು." ಒಂದು ವಾರದ ನಂತರ ನಾನೊಬ್ಬಳೇ ಬಣ್ಣದ ಕೆಲಸ ನೋಡಲು ಹೋದಾಗ ಅಯ್ಯನವರಿಗೆ ಪಾರ್ವತೆಮ್ಮನ ಸ್ಥಿತಿ ಹೇಳಿದೆ. ಅವರಿಗೆ ಗೊತ್ತಿತ್ತು. ಆಕೆಯ ಹೆಸರಲ್ಲಿ ಸೋಮವಾರ ಅಭಿಷೇಕವನ್ನೂ ಮಾಡಿಸುತ್ತಿದ್ದರು. "ಮನೀ ಮಾತು ವೀರೇಶಪ್ಪನ ಬಾಯಿಂದ ಬರ್ಲಿ ತಾಯಿ. ಎಂಜಿನಿಯರ್ ಬಾಯಿಂದ ಬಂದ್ರ ನಮ್ಮಿಬ್ಬರಿಗೂ ಮರ್ಯಾದಿ ಅಲ್ಲ" ಎಂದರು. ಒಬ್ಬರು ಕೇಳಲಿಲ್ಲ, ಇನ್ನೊಬ್ಬರು ಕೇಳುವವರೆಗೆ ಕಾದರು. ಇಬ್ಬರ ಮರ್ಯಾದೆಯೂ ನೆಟ್ಟಗಿತ್ತು. ನೆಟ್ಟಗೆ ನಿಲ್ಲಲಾರದವಳು ಒಬ್ಬಳೇ.

ಕೊನೆಗೆ ವೀರೇಶಪ್ಪ ನನ್ನ ಆಫೀಸಿಗೆ ಹೊಸ ಉಪಾಯ ತಂದರು. ಪಾರ್ಕಿಂಗ್ ಜಾಗದಲ್ಲಿ ಆಕೆಗೊಂದು ರೂಮು ಕಟ್ಟಬೇಕು.

"ಪಾರ್ಕಿಂಗ್‌ನಲ್ಲಿ ವಾಸದ ಮನೆ ಕಟ್ಟಲು ಪಾಲಿಕೆ ಬಿಡುವುದಿಲ್ಲ" ಎಂದೆ.

"ಮತ್ತ ಏನು ಬಿಡತೈತಿ?"

"ವಾಚ್‌ಮನ್ ರೂಮು ಬಿಡುತ್ತದೆ. ಸಣ್ಣದು."

"ಹಂಗಾದ್ರ ಅದನ್ನ ಬರೀರಿ."

ಬರೆದೆ. ಎಂಟಡಿಗೆ ಹತ್ತಡಿ, ಸಿಮೆಂಟ್ ಬ್ಲಾಕಿನ ಗೋಡೆ, ಪಕ್ಕದಲ್ಲಿ ಸಂಪು, ಅದರ ಮೋಟರು. ಶೌಚಾಲಯ ಕಾಂಪೌಂಡಿನ ಮೂಲೆಯಲ್ಲಿ. ಪ್ಲಾನಿನಲ್ಲಿ ಅದರ ಹೆಸರು ವಾಚ್‌ಮನ್ ರೂಮ್. ಬಳ್ಳಾರಿಯ ಏಪ್ರಿಲ್‌ನಲ್ಲಿ ಪಾರ್ವತೆಮ್ಮ ಅದರೊಳಗೆ ಬಂದಿಳಿದಳು, ಒಂದು ಮಂಚ, ಒಂದು ಕೂಲರ್ ಜೊತೆ. ಗಂಡ ವ್ಯಾಪಾರಕ್ಕೆಂದು ಸಿರುಗುಪ್ಪದಲ್ಲೇ ಉಳಿದರು. ಅಡುಗೆಗೆ ಒಬ್ಬ ಹೆಂಗಸು ಬಂದು ಹೋಗುತ್ತಿದ್ದಳು.

"ಎರಡ ತಿಂಗಳು" ಎಂದಿದ್ದರು ವೀರೇಶಪ್ಪ. ಎರಡು ವರ್ಷವಾಯಿತು.

ಆಕೆಯ ಬಗ್ಗೆ ಬರೆಯುವಾಗ ನನ್ನ ಕೈ ಜಾಗ್ರತೆಯಾಗುತ್ತದೆ. ರೋಗಿಯನ್ನು ನೆನೆಯುವಾಗ ಎಲ್ಲರೂ ಅವರನ್ನು ಸಂತರನ್ನಾಗಿ ಮಾಡುತ್ತಾರೆ. ಪಾರ್ವತೆಮ್ಮ ಸಂತಳಲ್ಲ. ಮೇಲಿನವರ ಚಪ್ಪಲಿ ಸದ್ದಿಗೆ ಬೈಯುತ್ತಿದ್ದಳು, ಅಡುಗೆಯವಳ ಉಪ್ಪಿಗೆ ಬೈಯುತ್ತಿದ್ದಳು, ಲೆಕ್ಕವಿಟ್ಟು ಕುಡಿಯಬೇಕಾದ ನೀರಿಗೂ ಬೈಯುತ್ತಿದ್ದಳು. ಬಾಯಿ ಚುರುಕು. ಎರಡನೇ ಅಂತಸ್ತಿಗೆ ಹೊಸದಾಗಿ ಬಂದ ತೆಲುಗು ಹುಡುಗನೊಬ್ಬ ಆಕೆ ಯಾರೆಂದು ತಿಳಿಯದೆ ದಿನಾ ಬೆಳಿಗ್ಗೆ ಮೇಲಿನಿಂದ ಕೂಗುತ್ತಿದ್ದ: "ಅಮ್ಮಾ, ಮೋಟರ್ ವೇಯಂಡಿ!" ಆಕೆ ಎದ್ದು ಮೋಟರ್ ಹಾಕುತ್ತಿದ್ದಳು. ಕೊರಿಯರಿನವರು ಎಲ್ಲರ ಪಾರ್ಸೆಲ್ಲನ್ನೂ ಆಕೆಯ ಕೈಗೇ ಕೊಟ್ಟು ಹೋಗುತ್ತಿದ್ದರು.

"ತಂಗಿ, ವಾಚ್‌ಮನ್‌ಗ ಪಗಾರ ಎಷ್ಟ್ ಕೊಡ್ತಾರ ನಿಮ್ಮ ಬಳ್ಳಾರ್‍ಯಾಗ?" ಎಂದು ನನ್ನನ್ನು ಕೇಳಿದಳು. "ನಮ್ಮ ಸಾಹುಕಾರ್ರು ಇನ್ನೂ ಕೊಟ್ಟಿಲ್ಲ."

ಒಮ್ಮೆ ಮೇಲಿನ ಮನೆಯೊಂದು ಖಾಲಿಯಾಗಿ, ನೋಡಲು ಬಂದ ದಂಪತಿಗಳು ಆಕೆಯನ್ನೇ ವಿಚಾರಿಸಿದರು. ಓನರ್ ಹೇಗೆ, ಕಿರಿಕಿರಿ ಮಾಡುತ್ತಾರಾ? ಆಗ ನಾನು ಅಲ್ಲೇ ಇದ್ದೆ.

"ಭಾಳ ಒಳ್ಳೆಯವ್ರು" ಎಂದಳು ಪಾರ್ವತೆಮ್ಮ. "ಯಾರಿಗೂ ಖಾಲಿ ಮಾಡ್ರಿ ಅನ್ನಂಗಿಲ್ಲ."

ಅವರು ಅಡ್ವಾನ್ಸ್ ಕೊಟ್ಟೇ ಹೋದರು.

ಅಯ್ಯನವರು ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಹೊರಗೆ ಹೋಗುವಾಗ ಆಕೆಯ ಬಾಗಿಲಲ್ಲಿ ನಿಂತು ಹಣೆಗೆ ವಿಭೂತಿ ಹಚ್ಚುತ್ತಿದ್ದರು. ಇದು ಎರಡು ವರ್ಷ ತಪ್ಪಲಿಲ್ಲ. ಸಂಪು ಸೋರುತ್ತಿದೆ ಎಂದು ನಾನು ಹೋಗಿದ್ದ ಒಂದು ಬೆಳಿಗ್ಗೆ ಅವರು ಹಾಗೇ ಬಂದು ನಿಂತರು. ಆ ದಿನ ಡಯಾಲಿಸಿಸ್ ಇತ್ತು. ಆಕೆಯ ಮುಖ ಊದಿಕೊಂಡಿತ್ತು. ಅವರು ಕೈ ಚಾಚಿದರು. ಆಕೆ ಹಣೆ ಹಿಂದಕ್ಕೆ ತೆಗೆದಳು.

"ಸ್ವಾಮೇರ, ವಿಭೂತಿ ಭಾಳ ಆತ್ರಿ. ಮನಿ ಕೊಡ್ರಿ."

ಅಯ್ಯನವರ ಕೈ ಗಾಳಿಯಲ್ಲೇ ನಿಂತಿತು. ಬೆರಳಿನ ಬೂದಿ ಉದುರಿತು.

"ಇಷ್ಟ ಮಾತಿಗೆ ಎರಡು ವರ್ಷ ತಗೊಂಡಿರೇನು ತಾಯಿ?"

"ನೀವೂ ಎರಡು ವರ್ಷ ನಿಂತು ನೋಡಿದ್ರೆಲ್ರಿ."

ಅಯ್ಯನವರು ಬೆರಳು ಒರೆಸಿಕೊಂಡು ಹೊರಟರು. ತಿಂಗಳು ತುಂಬುವ ಮೊದಲೇ ಹಲಕುಂದಿಯಲ್ಲಿ ಸಂಬಂಧಿಕರ ಮನೆಯೊಂದನ್ನು ನೋಡಿಕೊಂಡು ಹೋದರು. ಗಿರಿಜಮ್ಮ ಹೋಗುವ ಮುಂಚೆ ಮನೆ ಪೂರ್ತಿ ತೊಳೆದು, ಹೊಸ್ತಿಲಿಗೆ ರಂಗೋಲಿ ಇಟ್ಟು, ಪಾರ್ವತೆಮ್ಮನ ಮಂಚದ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತರಂತೆ. ಅತ್ತದ್ದನ್ನು ನಾನು ನೋಡಿಲ್ಲ, ಅಡುಗೆಯವಳು ಹೇಳಿದ್ದು.

ನನ್ನ ತಮಾಷೆಯ ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಪದ್ಧತಿ ಕಟ್ಟಿಹಾಕಿದ ಗಂಡ, ಬಾಯಿಬಿಟ್ಟು ಕೇಳಿದ ಹೆಂಡತಿ, ಬಿಟ್ಟುಕೊಟ್ಟ ಗುರು. ಎಷ್ಟು ಚೆನ್ನಾಗಿ ಕೂಡುತ್ತದೆ! ಚೆನ್ನಾಗಿ ಕೂಡುವ ಗೋಡೆಯನ್ನು ಕಂಡರೆ ನಾನು ಒಮ್ಮೆ ಬೆರಳಿನಿಂದ ತಟ್ಟಿ ನೋಡುತ್ತೇನೆ, ಒಳಗೆ ಟೊಳ್ಳಿರುತ್ತದೆ.

ವೀರೇಶಪ್ಪ ಸಂಭ್ರಮದಿಂದ ಫೋನ್ ಮಾಡಿದರು. "ಮನಿ ಬಿಟ್ರು ಮೇಡಂ! ಬರ್ರಿ, ಛಲೋ ಮಾಡಿಸೋಣ." ನಾನು ಸಂತೋಷದಿಂದಲೇ ಹೋದೆ. ಮುಂಬಾಗಿಲಿಗೆ ರ‍್ಯಾಂಪ್, ಅಂದರೆ ಗಾಲಿಕುರ್ಚಿ ಹತ್ತುವಂಥ ಇಳಿಜಾರು, ಹಾಕಿಸಿದೆ. ಬಚ್ಚಲಿನಲ್ಲಿ ಜಾರದ ಟೈಲ್ಸ್, ಹಿಡಿದು ಏಳಲು ಗೋಡೆಗೆ ಸ್ಟೀಲಿನ ಹಿಡಿಕೆ. ಹಿಡಿಕೆ ಎಷ್ಟು ಎತ್ತರ ಬೇಕು ಎಂದು ತಿಳಿಯಲು ಪಾರ್ವತೆಮ್ಮನನ್ನೇ ನಿಲ್ಲಿಸಿ ಅಳತೆ ತೆಗೆದುಕೊಂಡೆ. ಆಕೆ ಆ ದಿನ ಮನೆಯೊಳಗೆಲ್ಲ ಗೋಡೆ ಹಿಡಿದು ಓಡಾಡಿದಳು. ಅಡುಗೆಮನೆಯ ಕಿಟಕಿ ತೆಗೆದು ಮುಚ್ಚಿ ನೋಡಿದಳು. "ಗಾಳಿ ಐತಿ" ಎಂದಳು. ಮಂಚ ಎಲ್ಲಿ ಹಾಕುವುದು ಎಂದೂ ತೋರಿಸಿದಳು. ತಿಳಿ ಹಳದಿ ಬಣ್ಣ ಮಾತ್ರ ಆಕೆಗೆ ಸೇರಲಿಲ್ಲ. "ಕಾಮಾಲಿ ಬಂದಂಗ ಐತಿ."

ಬಿಳಿ ಹೊಡೆಸಿದೆವು. ಬಣ್ಣ ಒಣಗಿದ ಮೇಲೆ ಹೋದಾಗ ಬಾಗಿಲ ಮುಂದೆ ಸಾಮಾನಿನ ಲಾರಿ ನಿಂತಿತ್ತು. ನನಗೆ ಗೊತ್ತಿಲ್ಲದ ಸೋಫಾ, ನನಗೆ ಗೊತ್ತಿಲ್ಲದ ವಾಷಿಂಗ್ ಮಷೀನ್. ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯೊಬ್ಬರು ಲಾರಿಯವರಿಗೆ ದಾರಿ ತೋರಿಸುತ್ತಿದ್ದರು. ನನ್ನನ್ನು ಪರಿಚಯಿಸಿಕೊಂಡು ಮೆಚ್ಚಿದರು: "ನಮ್ಮ ತಾಯಿಗೆ ವಯಸ್ಸಾಗಿದೆ ಮೇಡಂ. ಊರೆಲ್ಲ ಹುಡುಕಿದೆ, ರ‍್ಯಾಂಪ್ ಇರುವ ಬಾಡಿಗೆ ಮನೆ ಇದೊಂದೇ."

ವೀರೇಶಪ್ಪ ಪಾರ್ಕಿಂಗ್‌ನಲ್ಲಿ ಮೊಬೈಲ್ ಹಿಡಿದು ನಿಂತಿದ್ದರು. ನಾನು ಏನು ಕೇಳಿದೆನೋ ನೆನಪಿಲ್ಲ.

"ಹನ್ನೊಂದು ತಿಂಗಳು ಅಷ್ಟ ಮೇಡಂ. ಪಕ್ಕಾ ಅಗ್ರಿಮೆಂಟ್. ಮೇಲಿನ ಮನಿಗಿಂತ ಒಂದೂವರಿ ಪಟ್ಟು ಬಾಡಿಗಿ ಬರತೈತಿ. ಆಮ್ಯಾಲೆ ಆಕಿಗೇ" ಎಂದರು. ದನಿ ತಗ್ಗಿಸಿ, "ಇಷ್ಟ ದಿನ ಇದ್ದಾಳ. ಆಕಿಗೂ ರೂಢಿ ಆಗೈತಿ" ಎಂದರು.

ಪಾರ್ವತೆಮ್ಮ ತನ್ನ ರೂಮಿನ ಬಾಗಿಲಲ್ಲಿ ಕೂತಿದ್ದಳು. ಲಾರಿಯಿಂದ ಇಳಿಯುತ್ತಿದ್ದ ಒಂದೊಂದು ಸಾಮಾನನ್ನೂ ನೋಡುತ್ತಿದ್ದಳು. ಅಳಲಿಲ್ಲ. ಬೈಯಲೂ ಇಲ್ಲ. ಅದೇ ನನಗೆ ಹೆದರಿಕೆ.

ನಾಲ್ಕನೇ ದಿನ ಆಕೆಯ ತಮ್ಮ ಹಚ್ಚೊಳ್ಳಿಯಿಂದ ಗೂಡ್ಸ್ ಗಾಡಿ ತಂದ. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ, ಮೆಟ್ಟಿಲಿಲ್ಲದ ಹಳೆ ಮನೆಯೊಂದನ್ನು ನಾನೇ ಹುಡುಕಿಕೊಟ್ಟಿದ್ದೆ. ನಿವೃತ್ತ ಲೈನ್‌ಮನ್ ಒಬ್ಬರದು. ಬಾಡಿಗೆ ತವರಿನ ಹೊಲದ ಪಾಲಿನಿಂದ ಬರುತ್ತದೆಂದು ಅಕ್ಕ-ತಮ್ಮ ಮಾತಾಡಿಕೊಂಡಿದ್ದರು. ಸುದ್ದಿ ತಿಳಿದು ವೀರೇಶಪ್ಪ ಸಿರುಗುಪ್ಪದಿಂದ ಓಡಿಬಂದರು. ಬ್ಯಾಂಕಿನವರ ತಾಯಿ ಕಿಟಕಿಯಲ್ಲಿ, ತೆಲುಗು ಹುಡುಗ ಮೆಟ್ಟಿಲ ಮೇಲೆ.

"ಏನಿದು ನಾಟಕ? ಮಂದಿ ಏನಂದಾರು?" ಎಂದರು ವೀರೇಶಪ್ಪ. "ನನ್ನ ಹೆಂಡತಿ ಬಾಡಿಗಿ ಮನ್ಯಾಗ ಇರೋದಾ?"

"ಇಷ್ಟ ದಿನ ಎಲ್ಲಿದ್ದೆ ನಾ?" ಎಂದಳು ಪಾರ್ವತೆಮ್ಮ. "ಅಲ್ಲಿ ಬಾಡಿಗಿ ಕೊಡ್ತೀನಿ. ಕೊಟ್ಟವ್ರಿಗೆ ನೀವು ರ‍್ಯಾಂಪ್ ಹಾಕಿಸಿಕೊಡ್ತೀರಿ. ನಾ ಪುಗಸಟ್ಟಿ ಇದ್ದೆ, ಅದಕ ತಪ್ಪಾತು."

"ಅಲ್ಲಲೇ ಪಾರ್ವತಿ, ಹನ್ನೊಂದು ತಿಂಗಳು..."

"ಖಾಲಿ ಮಾಡೋರು ಮೊದಲ ನೋಟಿಸ್ ಕೊಡಬೇಕಂತ. ಇವತ್ತ ಕೊಟ್ಟೆ. ಇವತ್ತ ಖಾಲಿ."

ತಮ್ಮನ ಹೆಗಲು ಹಿಡಿದು ಗಾಡಿಯ ಕಡೆ ಹೊರಟಳು. ಗೇಟಿನ ಹತ್ತಿರ ವೀರೇಶಪ್ಪ ಆಕೆಯ ಹಿಂದೆ ಎರಡು ಹೆಜ್ಜೆ ಹೋದರು. ಕರೆಯುತ್ತಾರೆ ಅಂದುಕೊಂಡೆ. ಕರೆದರು.

"ಚಾವಿ?"

ಪಾರ್ವತೆಮ್ಮ ನಿಂತಳು. ಸೊಂಟದಿಂದ ಚಾವಿ ತೆಗೆದು ಅವರ ಅಂಗೈಯಲ್ಲಿಟ್ಟಳು. ನಕ್ಕಳು. ನೋವಿನ ನಗುವಲ್ಲ, ಬಹಳ ದಿನದಿಂದ ಉತ್ತರ ಗೊತ್ತಿದ್ದ ಒಗಟನ್ನು ಬೇರೆ ಯಾರೋ ಒಡೆದಾಗ ಬರುವಂಥ ನಗು. ಆ ಪ್ರಶ್ನೆ ಬಾಯಿತಪ್ಪಿ ಬಂದದ್ದೆಂದು ವೀರೇಶಪ್ಪ ಆಮೇಲೆ ನನಗೆ ಹಲವು ಸಲ ಹೇಳಿದ್ದಾರೆ. ಇರಬಹುದು. ವರ್ಷಗಟ್ಟಲೆ ಮನೆ ಬಿಡುವವರ ಹಿಂದೆ ಹೋಗಿ ಅದೊಂದನ್ನೇ ಕೇಳಿದ ಬಾಯಿ, ಬೇರೆ ಮಾತನ್ನು ಎಲ್ಲಿಂದ ತಂದೀತು?

ವೀರೇಶಪ್ಪ ಅಯ್ಯನವರ ಪಾದ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡದ್ದನ್ನು ನಾನು ನೋಡಿದ್ದೇನೆ. ಆ ಭಕ್ತಿ ಸುಳ್ಳು ಎನ್ನಲಾರೆ. ಆದರೆ ಅಯ್ಯನವರು ಹೋದ ಮೇಲೂ ಮನೆ ಆಕೆಗೆ ಸಿಗಲಿಲ್ಲ. ಅಡ್ಡಿ ಪದ್ಧತಿಯೇ ಎಂದು ವರ್ಷಗಟ್ಟಲೆ ನಂಬಿದ್ದೆ. ನಂಬುವುದು ಸುಲಭವಿತ್ತು, ಹೇಳಲು ರಸವತ್ತಾಗಿತ್ತು. ಬ್ಯಾಂಕಿನವರ ಹನ್ನೊಂದು ತಿಂಗಳು ಮುಗಿದು ಕರಾರು ಮತ್ತೆ ಹೊಸದಾಯಿತು, ಆಮೇಲೂ ಆಯಿತು. ವೀರೇಶಪ್ಪ ಈಗ ಇನ್ನೊಂದು ಕಟ್ಟಡದ ಮಾಲೀಕರು. ಅದರ ಪ್ಲಾನು ಬೇರೆ ಎಂಜಿನಿಯರ್ ಬರೆದದ್ದು.

ಪಾರ್ವತೆಮ್ಮ ಆ ಓಣಿಯಲ್ಲೇ ಇದ್ದಾಳೆ. ಲೈನ್‌ಮನ್ ವರ್ಷಕ್ಕೊಮ್ಮೆ ಬಾಡಿಗೆ ಹೆಚ್ಚಿಸುತ್ತಾರೆ, ಆಕೆ ವರ್ಷಕ್ಕೊಮ್ಮೆ ಜಗಳಾಡಿ ಕೊಡುತ್ತಾಳೆ. ಭಾನುವಾರ ವೀರೇಶಪ್ಪ ಬಂದು ಹೊರಗಿನ ಕಟ್ಟೆಯ ಮೇಲೆ ಕೂತು ಹೋಗುತ್ತಾರೆ. ಬೇರೆಯವರ ಮನೆ ಎಂದು ಒಳಗೆ ಹೋಗುವುದಿಲ್ಲ.

ಬಾಡಿಗೆ ಮನೆಗಳಲ್ಲಿ ದುಡ್ಡು ಹೂಡುತ್ತೇವೆಂದು ಸಲಹೆ ಕೇಳಿ ಈಗಲೂ ಜನ ಬರುತ್ತಾರೆ. ನೀರು, ಪಾರ್ಕಿಂಗ್, ಕರಾರು, ಖಾಲಿ ಬೀಳುವ ತಿಂಗಳುಗಳಿಗೆ ಎತ್ತಿಡಬೇಕಾದ ಹಣ, ಎಲ್ಲ ಹೇಳುತ್ತೇನೆ. ಅದನ್ನು ಯಾರಾದರೂ ಹೇಳಬಹುದು. ಕೆಲಸ ನನಗೆ ಕಲಿಸಿದ್ದು ಇಷ್ಟು: ಮನೆಯೊಂದಕ್ಕೆ ತಿಂಗಳ ಬೆಲೆ ಕಟ್ಟಿದ ಮೇಲೆ ಅದರೊಳಗೆ ಇರುವ ಪ್ರತಿಯೊಬ್ಬರಿಗೂ ಆ ಬೆಲೆ ತಾಗುತ್ತದೆ, ಪುಗಸಟ್ಟೆ ಇರುವವರಿಗೆ ಮೊದಲು. ಕಟ್ಟುವವನ ಕೈಗೆ ಅದು ಗೊತ್ತಾಗುವುದಿಲ್ಲ. ಅವನ ಮನೆಯವರಿಗೆ ಗೊತ್ತಾಗುತ್ತದೆ.